ಕಿಟಕಿಯಲ್ಲಿ ನಡೆಯುತ್ತಿದ್ದ ಅತ್ತೆ

ಭದ್ರಾವತಿ,
18-2-2025, ಮಂಗಳವಾರ

ಪ್ರೀತಿಯ ಅತ್ತೆಮ್ಮಾ,

ಶರಣು. ನಿಮ್ಮ ಮೊಣಕಾಲು ಹೇಗಿದೆ? ಬೆಳಿಗ್ಗೆ ಎದ್ದ ಕೂಡಲೇ ಹಿಡಿದುಕೊಳ್ಳುತ್ತಿತ್ತಲ್ಲ, ಈಗಲೂ ಹಾಗೇನಾ? ಸಕ್ಕರೆ ಎಷ್ಟಿದೆ ಎಂದು ಫೋನಿನಲ್ಲಿ ಕೇಳಿದಾಗಲೆಲ್ಲ ಚೆನ್ನಾಗಿದೆ ಎನ್ನುತ್ತೀರಿ. ಸಕ್ಕರೆ ಚೆನ್ನಾಗಿರುವುದು ಎಂದರೆ ಏನು ಅತ್ತೆಮ್ಮಾ? ಅದು ಹೆಚ್ಚಿರಬೇಕು, ಇಲ್ಲ ಕಡಿಮೆ ಇರಬೇಕು. ಒಂದು ಅಂಕಿ ಹೇಳಿದ್ದರೆ ನನಗೆ ನಿದ್ದೆಯಾದರೂ ಬರುತ್ತಿತ್ತು. ಬಿಳಿ ಮಾತ್ರೆ ಊಟಕ್ಕೆ ಮೊದಲು, ಉದ್ದನೆಯದು ಊಟವಾದ ಮೇಲೆ. ನೀವು ಹೋಗುವಾಗ ಇದನ್ನು ಚೀಟಿಯಲ್ಲಿ ಬರೆದು ನಿಮ್ಮ ವಿಭೂತಿ ಡಬ್ಬಿಯೊಳಗೆ ಇಟ್ಟಿದ್ದೆ. ನಿಮ್ಮ ಕಿರಿಸೊಸೆ ಶೀತಲ್ ಅದನ್ನು ನೋಡಿದಳೋ ಇಲ್ಲವೋ ಎನ್ನುವುದೇ ನನಗೊಂದು ಚಿಂತೆ. ನಾವಿಲ್ಲಿ ಕ್ಷೇಮ. ನಿಮ್ಮ ಹಿರಿಮಗನಿಗೆ ಗಿರಣಿಯ ಹಿಟ್ಟಿನ ಧೂಳಿಗೆ ಒಂದು ವಾರ ಕೆಮ್ಮು ಬಂದಿತ್ತು, ಈಗ ಕಡಿಮೆಯಾಗಿದೆ. ದಿನಾ ಎರಡು ರೊಟ್ಟಿ ಎಲ್ಲಿ ಮಾಯವಾಗುತ್ತವೆ ಎಂದು ನನ್ನನ್ನು ವಿಚಾರಣೆ ಮಾಡುವಷ್ಟು ಆರೋಗ್ಯವಾಗಿದ್ದಾರೆ.

ಫೋನು ಇರುವಾಗ ಈ ಕಾಗದ ಯಾಕೆ ಎಂದು ನಿಮಗೆ ಅನ್ನಿಸಬಹುದು. ನಿಮಗೆ ಕಿವಿ ಮಂದವಾದ ಮೇಲೆ ಆ ಮನೆಯಲ್ಲಿ ಫೋನನ್ನು ಸ್ಪೀಕರಿಗೆ ಹಾಕಿಯೇ ನಿಮ್ಮ ಮುಂದೆ ಇಡುತ್ತಾರೆ. ನಾನು ಇಲ್ಲಿ ಸೀನಿದರೆ ಅಲ್ಲಿಂದ ಶೀತಲ್, “ಅಕ್ಕಾ, ಬಿಸಿನೀರು ಕುಡೀರಿ” ಅಂತಾಳೆ. ಅವಳು ಒಳ್ಳೇದಕ್ಕೇ ಹೇಳುತ್ತಾಳೆ, ಇಲ್ಲ ಎನ್ನುವುದಿಲ್ಲ. ಆದರೆ ನಾನು ಮಾತಾಡಬೇಕಾಗಿರುವುದು ನಿಮ್ಮ ಹತ್ತಿರ. ಕಾಗದವಾದರೆ ಕನ್ನಡಕ ಹಾಕಿಕೊಂಡು ನೀವೊಬ್ಬರೇ ಓದುತ್ತೀರಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದವಳಿಗೆ ದಿನಾ ಮಧ್ಯಾಹ್ನ ಪೇಪರು ಎದುರಿಗಿಟ್ಟು, ನೀವು ಅವರೆಕಾಯಿ ಬಿಡಿಸುತ್ತಾ, “ಗಟ್ಟಿಯಾಗಿ ಓದು ಜಯಾ, ನುಂಗಬೇಡ” ಎಂದು ಓದಿಸಿದವರು ನೀವೇ ಅಲ್ಲವೇ. ಆ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ನಿಮ್ಮ ಪಾಠದ ತಪ್ಪು. ಇವರು ನಾಳೆ ಶಿವಮೊಗ್ಗಕ್ಕೆ ಬರುತ್ತಾರೆ. ಚಟ್ನಿಪುಡಿ ಡಬ್ಬಿಯ ತಳದಲ್ಲಿ ಇದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡುತ್ತೇನೆ. ಡಬ್ಬಿಯನ್ನು ನಿಮ್ಮ ಕೈಗೇ ಕೊಡಬೇಕು, ಅಡುಗೆಮನೆಗೆ ಹೋಗಬಾರದು ಎಂದು ಮೂರು ಸಲ ಹೇಳಿದ್ದೇನೆ. ನಾಲ್ಕನೇ ಸಲ ಹೇಳುವಾಗ ರೇಗಿದರು.

ಅತ್ತೆಮ್ಮಾ, ನೀವು ಹೋಗಿದ್ದು ಹದಿನೈದು ದಿನಕ್ಕೆಂದು. ನಮ್ಮ ರಸ್ತೆಯ ತಿರುವಿನಲ್ಲಿ ಆ ಕೆಂದು ನಾಯಿ ಮೇಲೆ ಬಿದ್ದ ಗಡಿಬಿಡಿಯಲ್ಲಿ ನೀವು ಎಡವಿ ಬಿದ್ದಿರಿ ಎಂದು ಎಲ್ಲರಿಗೂ ತಿಳಿದದ್ದೇ. ಡಾಕ್ಟರು ದಿನಾ ಅರ್ಧ ಗಂಟೆ ನಡೆಯಲೇಬೇಕು ಎಂದರು, ನೀವು ಗೇಟು ದಾಟುವುದಿಲ್ಲ ಎಂದಿರಿ. ಆಗ ನಿಮ್ಮ ಕಿರಿಮಗ ಜ್ಞಾನೇಶ್ ಶಿವಮೊಗ್ಗದಿಂದ ಬಂದ. ತಾನು ಓಡುವುದಕ್ಕೆಂದು ಮನೆಗೆ ಟ್ರೆಡ್‌ಮಿಲ್ ಕೊಂಡಿದ್ದಾನಂತೆ. “ಅಮ್ಮ, ನಮ್ಮನೇಲಿ ನಾಯಿ ಇಲ್ಲ, ಗುಂಡಿ ಇಲ್ಲ, ಫ್ಯಾನ್ ಕೆಳಗೇ ನಡೀಬಹುದು” ಎಂದು ಕಾರಿನಲ್ಲಿ ಕೂರಿಸಿಕೊಂಡು ಹೋದ. ಕಾರಿನ ಕಿಟಕಿಯಿಂದ ನೀವು, “ಹದಿನೈದು ದಿನ ಕಣೇ” ಎಂದಿರಿ. ಸಂಕ್ರಾಂತಿ ಬಂತು, ಎಳ್ಳುಬೆಲ್ಲವನ್ನು ಇವರ ಕೈಲಿ ಕಳಿಸಿದೆ. ಈಗ ಶಿವರಾತ್ರಿಗೆ ಎಂಟೇ ದಿನ. ನಾನು ಬಂದು ನೋಡಲಿಲ್ಲ ಎಂದು ನೀವು ಬೇಸರ ಮಾಡಿಕೊಂಡಿರಬಹುದು. ಬಂದರೆ ಶೀತಲ್ ನಿಮ್ಮನ್ನು ಅದರ ಮೇಲೆ ಹತ್ತಿಸಿ ತೋರಿಸುತ್ತಾಳೆ, ನಾನು ನಿಂತು ನೋಡಬೇಕು, ಚೆನ್ನಾಗಿದೆ ಎನ್ನಬೇಕು. ಅದು ನನ್ನಿಂದ ಆಗುವುದಿಲ್ಲ.

ಆ ಫೋಟೋ ನೋಡಿದ್ದೇ ಸಾಕಾಯಿತು. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದಳಲ್ಲ. ನನ್ನ ಕಣ್ಣು ಮೊದಲು ಹೋದದ್ದು ನಿಮ್ಮ ಕಾಲಿಗೆ. ಸೀರೆಯ ಕೆಳಗೆ ಬಿಳಿ ಶೂ, ನೇರಳೆ ಲೇಸು. ಇಪ್ಪತ್ತಾರು ವರ್ಷದಿಂದ ನಿಮ್ಮ ಕಾಲಿಗೆ ಚಪ್ಪಲಿ ತಂದವಳು ನಾನು. ಎಡಗಾಲಿನ ಹೆಬ್ಬೆರಳು ಒತ್ತುತ್ತದೆ ಎಂದು ಪೇಪರಿನ ಮೇಲೆ ನಿಮ್ಮ ಪಾದ ಇಡಿಸಿ, ಸುತ್ತ ಪೆನ್ಸಿಲ್ ಗೆರೆ ಎಳೆದು, ಆ ಪೇಪರು ಹಿಡಿದು ಅಂಗಡಿ ಅಂಗಡಿ ಅಲೆದವಳು. ಶೂ ತರಲೇ ಎಂದರೆ, “ಬೇಡ ಕಣೇ, ಪೊಲೀಸಿನವನ ಹಾಗೆ ಕಾಣ್ತೀನಿ” ಎಂದಿದ್ದಿರಿ. ಶೀತಲ್ ತಂದರೆ ಪೊಲೀಸಿನವನ ಹಾಗೆ ಕಾಣುವುದಿಲ್ಲವೇನೋ. ಹೋಗಲಿ, ಶೂ ಬಿಡಿ. ನಿಮ್ಮ ನಗು. ಮುಂದಿನ ಹಲ್ಲು ಬಿದ್ದ ಮೇಲೆ ನೀವು ಸೆರಗು ಅಡ್ಡ ಹಿಡಿಯದೆ ನಕ್ಕದ್ದನ್ನು ನಾನು ಕಂಡಿಲ್ಲ. ಫೋಟೋದಲ್ಲಿ ಸೆರಗು ಸೊಂಟದಲ್ಲಿತ್ತು, ಎರಡು ಕೈಯೂ ಕಂಬಿಯ ಮೇಲಿದ್ದವು, ಬಾಯಿ ತುಂಬ ನಗುತ್ತಿದ್ದಿರಿ. ಪಕ್ಕದಲ್ಲಿ ನಿಂತ ಶೀತಲ್‌ಳ ಕೈ ನಿಮ್ಮ ಬೆನ್ನ ಮೇಲಿತ್ತು. ನಾನು ಆ ಫೋಟೋವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ. ಆ ಕೈಯ ಬಳೆ ಎಷ್ಟು ಎಂದು ಕೇಳಿದರೂ ಹೇಳುತ್ತೇನೆ. ನನಗೆ ಮಕ್ಕಳಾಗಲಿಲ್ಲ ಎಂದು ನೆಂಟರು ಆಡಿಕೊಂಡಾಗ, “ನನಗೆ ಮಗಳಿರಲಿಲ್ಲ, ಬಂದಿದಾಳೆ, ಮೊಮ್ಮಕ್ಕಳು ಬಂದ್ರೆ ಬರ್ಲಿ” ಎಂದು ಅವರ ಬಾಯಿ ಮುಚ್ಚಿಸಿದವರು ನೀವು. ಇವರು ಹೇಳುತ್ತಾರೆ, ನಿನಗೆ ಹೊಟ್ಟೆಕಿಚ್ಚು ಎಂದು. ಹೌದು, ಕಿಚ್ಚೇ. ಅದನ್ನು ಬೇರೆ ಹೆಸರಿನಿಂದ ಕರೆಯುವಷ್ಟು ನಾನು ಓದಿಲ್ಲ.

ಅದಕ್ಕೇ ನಾನೂ ಒಂದು ಟ್ರೆಡ್‌ಮಿಲ್ ಕೊಂಡೆ. ಎಷ್ಟು ಕೊಟ್ಟೆ ಎಂದು ಮಾತ್ರ ಕೇಳಬೇಡಿ. ಪಕ್ಕದ ಮನೆಯ ರಶ್ಮಿ ಮೊಬೈಲಿನಲ್ಲಿ ಹುಡುಕಿಕೊಟ್ಟಳು, ಸೆಕೆಂಡ್ ಹ್ಯಾಂಡು. ಇವರಿಗೆ ಹೇಳಿದಾಗ ಗಿರಣಿಯ ಬೆಲ್ಟಿಗೆ ಮೇಣ ಹಚ್ಚುತ್ತಿದ್ದರು. ತಲೆ ಎತ್ತದೆಯೇ, “ನಮ್ಮ ಬೆಲ್ಟು ತಿರುಗಿದರೆ ಹಿಟ್ಟಾದರೂ ಬರುತ್ತೆ, ಅದು ತಿರುಗಿದರೆ ಏನು ಬರುತ್ತೆ?” ಎಂದರು. ಅತ್ತೆ ಬರ್ತಾರೆ ಎಂದೆ. ಮಾರುವವರ ಮನೆ ಎಲ್ಲಿ ಸಿಗಬೇಕು, ಸವಳಂಗ ರಸ್ತೆಯಲ್ಲೇ, ನಿಮ್ಮಿಂದ ಎರಡೇ ಕ್ರಾಸ್ ಆಚೆ. ಗಣಪಯ್ಯ ಎಂದು ರಿಟೈರಾದ ಮೇಷ್ಟ್ರು. ಹತ್ತು ಸಲವೂ ಹತ್ತಿಲ್ಲವಂತೆ. ಯಾಕೆ ಸಾರ್, ಏನಾದರೂ ಕೆಟ್ಟಿದೆಯೇ ಎಂದು ಹೆದರಿ ಹೆದರಿ ಕೇಳಿದೆ. “ಕೆಟ್ಟಿಲ್ಲಮ್ಮ. ಇದರ ಮೇಲೆ ಎಷ್ಟು ನಡೆದರೂ ಯಾರೂ ಎದುರಿಗೆ ಸಿಗಲ್ಲ, ಬೇಜಾರು” ಎಂದರು. ಅದೆಂಥಾ ಮಾತು ಎಂದು ಆಗ ಅಂದುಕೊಂಡೆ.

ನಮ್ಮ ಕರಿಯಪ್ಪನ ಲಗೇಜ್ ಆಟೋದಲ್ಲಿ ಅದನ್ನು ಹಗ್ಗ ಕಟ್ಟಿ ಹೇರಿಸಿಕೊಂಡು ಹೊರಟಾಗ ಸಂಜೆ ಐದಾಗಿತ್ತು. ದಾರಿ ನಿಮ್ಮ ಕ್ರಾಸಿನ ಮೇಲೆಯೇ. ಸುಳ್ಳು ಯಾಕೆ, ಬೇರೆ ದಾರಿಯೂ ಇತ್ತು, ನಾನೇ ಅಲ್ಲಿಂದ ಹೋಗು ಎಂದೆ. ನಿಲ್ಲಿಸು ಎಂದೆ. ಮಹಡಿಯ ಕಿಟಕಿಯಲ್ಲಿ ನೀವು ಕಂಡಿರಿ. ತಲೆ, ಹೆಗಲು, ಕತ್ತಿನ ಲಿಂಗದ ದಾರ ಇಷ್ಟೇ. ಮುಖ ರಸ್ತೆಯ ಕಡೆಗಿತ್ತು. ತಲೆ ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿತ್ತು. ನೀವು ನನ್ನ ಕಡೆಗೇ ನಡೆದು ಬರುತ್ತಿದ್ದೀರಿ ಎಂದು ಅನ್ನಿಸಿತು ಅತ್ತೆಮ್ಮಾ. ಎಷ್ಟು ಹೊತ್ತು ನೋಡಿದರೂ ಹತ್ತಿರ ಮಾತ್ರ ಬರಲಿಲ್ಲ. ಆಮೇಲೆ ಶೀತಲ್ ನೀರಿನ ಲೋಟ ಹಿಡಿದು ಕಿಟಕಿಗೆ ಬಂದಳು, ನಾನು ಟ್ರೆಡ್‌ಮಿಲ್ಲಿನ ಮರೆಗೆ ಬಗ್ಗಿಬಿಟ್ಟೆ. “ಯಾಕಕ್ಕಾ ಬಗ್ತೀರಿ, ಬೀಗರ ಮನೇನಾ?” ಎಂದ ಕರಿಯಪ್ಪ. ನಮ್ಮ ಮನೆಯವರದ್ದೇ ಎಂದರೆ ಅವನು ನಂಬುತ್ತಿರಲಿಲ್ಲ, ಹೂಂ ಎಂದೆ. ಲೋಟದಲ್ಲಿ ಇದ್ದದ್ದು ತಣ್ಣೀರೋ ಬಿಸಿನೀರೋ ಎಂಬುದೇ ಭದ್ರಾವತಿಯವರೆಗೂ ನನ್ನ ತಲೆಯಲ್ಲಿ. ನಡೆದ ಮೇಲೆ ತಣ್ಣೀರು ಕುಡಿದರೆ ನಿಮಗೆ ಗಂಟಲು ಕಟ್ಟುತ್ತದೆ.

ನಿಮ್ಮ ರೂಮಿನಲ್ಲೇ ಇಟ್ಟಿದ್ದೇನೆ. ಮಂಚವನ್ನು ಕಿಟಕಿಯ ಕಡೆ ಸರಿಸಿದೆ. ನೀವು ಹಿಂದಕ್ಕೆ ವಾಲಿದರೆ ಆಸರೆಗೆ ಗೋಡೆ ಇರಲಿ ಎಂದು ಅದರ ಬೆನ್ನನ್ನು ಗೋಡೆಗೆ ಒತ್ತಿಸಿದೆ. ಹಾಗೆ ಇಡಲೇಬಾರದಂತೆ, ಬಿದ್ದರೆ ಗೋಡೆಗೂ ತಿರುಗುವ ಪಟ್ಟಿಗೂ ನಡುವೆ ಸಿಕ್ಕಿಕೊಳ್ಳುತ್ತಾರಂತೆ. ರಶ್ಮಿ ಹೇಳಿದ ಮೇಲೆ ಇಬ್ಬರೂ ಸೇರಿ ಅದನ್ನು ರೂಮಿನ ನಡುವಿಗೆ ಎಳೆದೆವು. ಆಮೇಲೆ ಪೂಜೆ. ಮನೆಗೆ ಬಂದ ಯಂತ್ರವನ್ನು ಪೂಜೆ ಮಾಡದೆ ನಿಮ್ಮನ್ನು ಹತ್ತಿಸುವುದು ಹೇಗೆ? ವಿಭೂತಿ ಎಳೆದೆ, ಕುಂಕುಮ ಇಟ್ಟೆ, ಸೇವಂತಿಗೆ ಹಾರ ಹಾಕಿದೆ. ಗಾಡಿಯ ಚಕ್ರಕ್ಕೆ ಇಟ್ಟ ಹಾಗೆ ಹಿಂದಿನ ಉರುಳೆಯ ಅಡಿಗೆ ಎರಡು ನಿಂಬೆಹಣ್ಣು ತುರುಕಿದೆ. “ಇದು ಲಾರಿ ಅಲ್ಲ ಮಾರಾಯ್ತಿ, ಇದ್ದಲ್ಲಿಂದ ಒಂದು ಗೇಣೂ ಹೋಗಲ್ಲ” ಎಂದರು ಇವರು. ಹೋಗದಿದ್ದರೂ ತಿರುಗುತ್ತದಲ್ಲ, ಆಯುಧಪೂಜೆಗೆ ನಿಮ್ಮ ಗಿರಣಿಗೂ ಇಡುತ್ತೇವಲ್ಲ ಎಂದೆ. ಅಲ್ಲಿ ಕಲ್ಲಿನ ಮೇಲೆ ಇಡುತ್ತೇವೆ, ಬೆಲ್ಟಿನ ಬಾಯಿಗಲ್ಲ ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ರಶ್ಮಿ ಗುಂಡಿ ಒತ್ತಿದಳು. ಎರಡೂ ಹಣ್ಣನ್ನು ಅದು ಒಳಕ್ಕೆ ಎಳೆದುಕೊಂಡಿತು. ಕಬ್ಬಿನ ಹಾಲಿನ ಗಾಡಿಯ ಹಾಗೆ ಒಂದು ಸದ್ದು, ರೂಮೆಲ್ಲ ಹುಳಿ ವಾಸನೆ, ಪಟ್ಟಿ ಒಂದು ಪಕ್ಕಕ್ಕೆ ಸರಿದು ಅಂಚು ಹರಿದು ನಿಂತಿತು. “ಆಂಟಿ, ಬೆಲ್ಲ ಹಾಕಿದ್ರೆ ಪಾನಕ ಆಗ್ತಿತ್ತು” ಎಂದು ಆ ಹುಡುಗಿ ನಕ್ಕಳು. ಇವರು ನಗಲಿಲ್ಲ. ನೆಲದ ಮೇಲೆ ಕೂತು ಚಿಮಟದಿಂದ ಒಂದೊಂದೇ ಬೀಜ ಹೆಕ್ಕಿದರು. ಹೊಸ ಪಟ್ಟಿ ಹೊರಗಿನಿಂದ ಬರಬೇಕಂತೆ. ಮೆಕ್ಯಾನಿಕ್ ನಾಳೆ ನಾಳೆ ಎನ್ನುತ್ತಾ ಮೂರು ವಾರ ಮಾಡಿದ. ಇದಕ್ಕೆ ಯಾರ ಕಣ್ಣು ಬಿತ್ತು ಎಂದು ನಾನು ಹೆಸರು ಬರೆಯುವುದಿಲ್ಲ.

ಶಿವರಾತ್ರಿಯೊಳಗೆ ರಿಪೇರಿ ಮಾಡಿಸಿಯೇ ಮಾಡಿಸುತ್ತೇನೆ. ಹಿತ್ತಲ ಬಿಲ್ವದ ಗಿಡದಲ್ಲಿ ಈ ವರ್ಷ ಎಲೆ ಚೆನ್ನಾಗಿ ಬಂದಿದೆ, ನಾನು ಒಂದನ್ನೂ ಕಿತ್ತಿಲ್ಲ. ಪ್ರತಿ ವರ್ಷ ಮೊದಲ ಎಲೆ ಕೀಳುವವರು ನೀವು. ಸೆರಗನ್ನು ಸೊಂಟಕ್ಕೆ ಗಟ್ಟಿಯಾಗಿ ಸಿಕ್ಕಿಸದೆ ಅಲ್ಲಿಯ ಯಂತ್ರ ಹತ್ತಬೇಡಿ. ಲಿಂಗದ ದಾರವನ್ನು ಕುಪ್ಪಸದ ಒಳಗೆ ಹಾಕಿಕೊಳ್ಳಿ, ಕಿಟಕಿಯಲ್ಲಿ ನೋಡಿದಾಗ ಅದು ಓಲಾಡುತ್ತಿತ್ತು. ಜ್ಞಾನೇಶನಿಗೂ ಅವನ ಮಗಳಿಗೂ ನನ್ನ ಆಶೀರ್ವಾದ. ಶೀತಲ್‌ಗೆ ಕೇಳಿದೆ ಎಂದು ಹೇಳಿ. ಕೇಳಿದೆ ಎಂದಷ್ಟೇ ಸಾಕು. ನಿಮ್ಮ ಪಾದದ ಮೇಲೆ ಹಣೆ ಇಟ್ಟು ನಿಲ್ಲಿಸುತ್ತೇನೆ.

ನಿಮ್ಮ ಹಿರಿಸೊಸೆ,
ಜಯಶೀಲಾ

ಬುಧವಾರ ಬೆಳಿಗ್ಗೆ. ಇವರು ಸ್ಕೂಟರ್ ಹೊರಗೆ ತೆಗೆದರು, ಡಬ್ಬಿಯ ಮುಚ್ಚಳ ಹಾಕುವ ಮುಂಚೆ ಇಷ್ಟು ಬರೆದುಬಿಡುತ್ತೇನೆ. ಆವತ್ತು ನೀವು ಎಡವಲಿಲ್ಲ. ನಾಯಿ ಬಂದ ಕೂಡಲೇ ನಿಮ್ಮ ಕೈ ಬಿಟ್ಟು ಓಡಿದವಳು ನಾನು. ಹಿಡಿತ ತಪ್ಪಿ ನೀವು ಬಿದ್ದಿರಿ. ಎತ್ತಲು ಬಂದವರಿಗೆಲ್ಲ, “ನಾನೇ ಎಡವಿದೆ, ಜಯ ಹಿಡ್ಕೊಂಡೇ ಇದ್ಲು” ಎಂದಿರಿ. ಆಮೇಲೆ ಆ ಮಾತನ್ನು ನೀವೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿಮ್ಮ ಬೆನ್ನ ಮೇಲೆ ಶೀತಲ್‌ಳ ಕೈ ನೋಡಿದಾಗ ನನಗೆ ಉರಿದದ್ದು ಅದಕ್ಕೇ. ದಿನಾ ಎರಡು ರೊಟ್ಟಿ ಹೋಗುತ್ತಿರುವುದು ಆ ಕೆಂದು ನಾಯಿಗೆ. ಮೊದಮೊದಲು ಗೇಟಿನ ಒಳಗಿನಿಂದ ಎಸೆಯುತ್ತಿದ್ದೆ, ಈಗ ಕೈಯಿಂದಲೇ ತಿನ್ನುತ್ತದೆ. ನಿನ್ನೆ ಸಂಜೆ ತಿರುವಿನಾಚೆಯ ಹಾಲಿನ ಡೈರಿಯವರೆಗೆ ಹೋಗಿಬಂದೆ, ಪಕ್ಕದಲ್ಲೇ ಬಂತು, ನಾನು ಓಡಲಿಲ್ಲ. ಪಟ್ಟಿ ಬರಲಿ ಬಿಡಲಿ, ನೀವು ಬನ್ನಿ. ಬರುವಾಗ ಆ ಶೂ ಮರೆಯಬೇಡಿ. ನಮ್ಮ ರಸ್ತೆಯಲ್ಲಿ ಇನ್ನೂ ಜಲ್ಲಿ ಎದ್ದಿದೆ.