ಮುದ್ದೆ ನುಂಗೋಕೆ ಹಲ್ಲು ಯಾಕೆ

ಅಕ್ಟೋಬರ್ 7, ಸೋಮವಾರ. ಬೆಳಿಗ್ಗೆ 6.40

ಡೇರಿಗೆ ಹಾಲು ಹಾಕಿ ಬಂದೆ. ಮತ್ತೆ ಉಪ್ಪುನೀರು, ಮತ್ತೆ ಲವಂಗ. ಏನೂ ಪ್ರಯೋಜನವಿಲ್ಲ. ಉಳಿದಿರುವ ಆರು ಹಲ್ಲೂ ಅಲ್ಲಾಡುತ್ತಿವೆ. ಟಿ. ನರಸೀಪುರದ ಹಲ್ಲಿನ ಡಾಕ್ಟರ್ ಅರ್ಪಿತ, ಎಲ್ಲ ಕಿತ್ತು ಸೆಟ್ ಕಟ್ಟಿಸಬೇಕು ಅಂದುಬಿಟ್ಟಳು. ಮೊಮ್ಮಗಳ ವಯಸ್ಸು. ಬಾಯಿಗೆ ಟಾರ್ಚ್ ಹಿಡಿದು "ಇನ್ನೂ ಅಗಲ ತೆಗೀರಿ ತಾತ" ಅನ್ನುತ್ತಾಳೆ! ಮೂವತ್ತೊಂದು ವರ್ಷ ಅದೇ ಊರಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವನು ನಾನು. ಎಷ್ಟು ಎತ್ತಿನ ಬಾಯಿ ಬಿಡಿಸಿ ಎರಡಲ್ಲು, ನಾಲ್ಕಲ್ಲು, ಬಾಯಿಗೂಡಿದೆ ಅಂತ ವಯಸ್ಸು ಹೇಳಿಲ್ಲ... ಈಗ ನನ್ನ ಸರದಿ. ಥೂ.

ಅಕ್ಟೋಬರ್ 19

ಎಲ್ಲ ಕಿತ್ತಾಯಿತು. ಬಾಯಿ ಬೋಳು. ಒಸಡು ಮಾಯಲು ಎರಡು ತಿಂಗಳಾದರೂ ಬೇಕಂತೆ.

ಮಗ ನಂಜೇಶನದು ಬೇರೆ ರಾಗ. "ಸೆಟ್ಟು ಯಾಕಪ್ಪ? ಮುದ್ದೆ ನುಂಗಕೆ ಅಲ್ಲು ಬೇಕಾ? ಅವ್ವ ಅನ್ನೊಂದು ವರ್ಸದಿಂದ ಆರಾಮಾಗಿಲ್ವಾ?"

ಉರಿದುಹೋಯಿತು. "ನಿಮ್ಮವ್ವನ ಸಮಾಚಾರ ಬೇರೆ ಕಣೋ!" ಅಂದೆ. ಹೆಂಡತಿ ಪುಟ್ಟಬಸಮ್ಮ ಅಲ್ಲೇ ಒಲೆ ಮುಂದೆ ಮುದ್ದೆ ತಿರುವುತ್ತಿದ್ದಳು.

ಅವನು ಹೇಳಿದ್ದು ನನ್ನದೇ ಮಾತು. ಹಿಂದೆ ಅವಳಿಗೆ ನಾನೇ ಹೇಳಿದ್ದೆ.

ನವೆಂಬರ್ 30. ಸಂಜೆ

ಮೂರು ಕಿಲೋ ಇಳಿದಿದ್ದೇನೆ. ಡೇರಿ ಜಗಲಿಗೆ ಹೋಗುವುದು ಬಿಟ್ಟೆ. ಒಂದು ಮಾತು ಆಡಿದರೆ ಅಲ್ಲಿ ಕೂರುವ ಶಿವಸ್ವಾಮಿ ಮೂರು ಸಲ "ಏನಂದ್ರಿ?" ಅನ್ನುತ್ತಾನೆ. ನೋಡಲು ಬಂದವರೆಲ್ಲ ರಸಬಾಳೆ ತರುತ್ತಾರೆ. ಬಾಳೆಹಣ್ಣು ಕಂಡರೇ ಈಗ ವಾಕರಿಕೆ.

ಇವತ್ತು ಮನೆಯಲ್ಲಿ ಅವರೆಕಾಳು ಸಾರು. ಹೊಸ ಕಾಳು, ಸೊಗಡು ಬೀದಿಗೆ ಹೊಡೆಯುತ್ತಿತ್ತು. ನಂಜೇಶ ಚಪ್ಪರಿಸಿ ತಿಂದ. ನಾನು ರಸ ಕುಡಿದೆ. ಆಮೇಲೆ ತಟ್ಟೆ ಎತ್ತಿ ಎಸೆದೆ. ತಪ್ಪು, ಗೊತ್ತು. ಪುಟ್ಟಬಸಮ್ಮ ತಟ್ಟೆ ಆಯ್ದು ತೊಳೆದಳು. ಕಾಳು ಕಲ್ಲಿನಲ್ಲಿ ಅರೆದು ತಂದಿಟ್ಟಳು.

"ನಂಗೆ ರೂಢಿ ಆಗೋಗದೆ. ನಿಮ್ಗೂ ಆಯ್ತದೆ, ಉಣ್ಣಿ."

ನನಗೆ ಆಗುವುದು ಬೇಡ ಮಾರಾಯ್ತಿ!

ಜನವರಿ 8, ಬುಧವಾರ

ಸೆಟ್ ಬಂತು. ಬಾಯೊಳಗೆ ಲಾಳ ಹೊಡೆದ ಹಾಗಿದೆ. "ಶಿವ" ಅಂದರೆ ಸೀಟಿ ಬರುತ್ತೆ. ಅಭ್ಯಾಸ ಆಗಬೇಕಂತೆ.

ಹೊರಡುವಾಗ ಅರ್ಪಿತ ಕೇಳಿದಳು. "ಅಜ್ಜಿ ಹಲ್ಲು ಹೇಗಿದೆ ತಾತ?"

"ಇಲ್ಲ. ಒಂದೋ ಎರಡೋ... ಆರಾಮಾಗಿದ್ದಾಳೆ. ಮುದ್ದೆ ನುಂಗ್ತಾಳೆ."

"ನೋವಿದೆಯಾ ಅಂತ ಕೇಳಿದೀರಾ?"

ವಾಪಸು ನಂಜನಗೂಡಿನ ಬಸ್ಸಿನಲ್ಲಿ ಆ ಡಾಕ್ಟರ್ ಮೇಲೆ ಸಿಟ್ಟು. ದಾರಿಯಲ್ಲಿ ಹೆಡತಲೆ ಊರು ಬರುವ ಹೊತ್ತಿಗೆ ನನ್ನ ಮೇಲೆ. ಮನೆಗೆ ಬಂದು ಕೇಳಿದೆನಾ? ಇಲ್ಲ.

ಜನವರಿ 14. ಸಂಕ್ರಾಂತಿ. ಮಧ್ಯಾಹ್ನ

ಎಳ್ಳುಬೆಲ್ಲ ಅಗಿದೆ. ಕಡ್ಲೆಕಾಯಿ ಬೀಜ ಕಟುಂ ಅಂತು! ಒಸಡು ಉರಿದರೂ ಬಿಡಲಿಲ್ಲ. ಆಮೇಲೆ ಅವಳ ಕಡೆ ನೋಡಿದೆ. ತನ್ನ ಪಾಲಿನಿಂದ ಕೊಬ್ಬರಿ, ಬೀಜ, ಹುರಿಗಡಲೆ ಒಂದೊಂದೇ ಆರಿಸಿ ಕಿಟಕಿಯ ಮೇಲೆ ಇಡುತ್ತಿದ್ದಳು, ಪಕ್ಕದ ಮನೆ ಚಲುವಮ್ಮನ ಮಕ್ಕಳಿಗೆ. ಬೆಲ್ಲದ ಚೂರು ನಾಲಿಗೆಯ ಮೇಲೆ ಇಟ್ಟುಕೊಂಡು ಕೂತಳು. ಕಬ್ಬಿನ ತುಂಡು ಮೂಸಿ ಕೆಳಗಿಟ್ಟಳು. ಪ್ರತಿ ವರ್ಷ ಹೀಗೇ ಮಾಡಿರಬೇಕು. ನಾನು ನೋಡಿರಲಿಲ್ಲ.

"ಬಾಯಿ ತೆಗಿ" ಅಂದೆ.

"ಓಗ್ರಿ ಅತ್ಲಾಗೆ! ನಾನೇನ್ ಎತ್ತಾ?" ನಕ್ಕಳು. ಬಾಯಿಗೆ ಕೈ ಅಡ್ಡ. ಅದು ನಾಚಿಕೆ ಸ್ವಭಾವ ಅಂತ ನಾನು ತಿಳಿದಿದ್ದೆ.

ಟಾರ್ಚ್ ತಂದೆ. ಕೊನೆಗೂ ತೆಗೆದಳು. ಹಲ್ಲು ಒಂದೂ ಇಲ್ಲ. ಮುರಿದ ಬೇರು ಮೂರು, ಕರ್ರಗೆ. ಎಡಗಡೆ ಒಸಡು ಊದಿದೆ. ಬೆರಳು ತಾಗಿಸಿದ ಕೂಡಲೇ ಕೀವು. ಇಂಥ ಬಾಯಿ ಇರುವ ಎತ್ತನ್ನು ಆಸ್ಪತ್ರೆಗೆ ತಂದಿದ್ದರೆ ಯಜಮಾನನಿಗೆ ಉಗಿಯುತ್ತಿದ್ದೆ. ನಾಚಿಕೆಯಾಯಿತು. ಇನ್ನೇನು ಬರೆಯಲಿ.

"ಎಷ್ಟು ದಿನದಿಂದ ನೋವು?"

"ದಿನ್ವಾ?" ಅಂದಳು.

ಹೇಳು ಅಂದೆ. ಕೂತು ಬೆರಳು ಮಡಚಿದಳು. ನಂಜೇಶನ ಮದುವೆ ವರ್ಷ, ಬೋರು ತೆಗೆಸಿದ ವರ್ಷ, ಕೆಂದ ಹಸು ಸತ್ತ ವರ್ಷ... ಒಂದು ಕೈ ಮುಗಿಯಿತು. ಸಾಕು ಕಣೇ, ನಾಳೆ ಮೊದಲ ಬಸ್ಸಿಗೇ ಹೋಗೋಣ ಅಂದೆ. ಕೇಳಿಸಿಕೊಳ್ಳಲಿಲ್ಲ. ಇಷ್ಟು ಬರೆಯುತ್ತಿದ್ದರೂ ಎದುರಿಗೆ ಕೂತು ಎಣಿಸುತ್ತಲೇ ಇದ್ದಾಳೆ, ಈಗ ಇನ್ನೊಂದು ಕೈ —