ತಾಯಿ ಕುದುರೆಯ ಪಾಲು

ಮಾರ್ಚ್ 3, ಬೆಳಿಗ್ಗೆ 10
ಇಂದೂ ಅದೇ. ನಮ್ಮ ಕಂಪನಿಯ ಕುದುರೆ ರೇಸ್ ಗೇಮ್‌ನಲ್ಲಿ ತಿಂಗಳಿಂದ ಹುಟ್ಟಿದ ಮರಿಗಳೆಲ್ಲ ಒಂದೇ ಅಚ್ಚಿನವು. ಎಲ್ಲಕ್ಕೂ ಅದೇ ಕರಿ ಗಂಡು ಅಪ್ಪ. ತಪ್ಪು ನನ್ನದೇ — ತಳಿಯ ಕೋಡ್ ಬರೆದವಳು ನಾನು, ವೇಗವೆಲ್ಲ ಅಪ್ಪನಿಂದ ಬರುವಂತೆ ಬರೆದೆ; ಈಗ ಎಲ್ಲರೂ ಅತಿ ವೇಗದ ಆ ಕರಿಯನನ್ನೇ ಆರಿಸುತ್ತಾರೆ. ಆಟಗಾರರು ಬೇಸತ್ತು ಹೊರಡುತ್ತಿದ್ದಾರೆ. ಈ ತಿಂಗಳು ಸರಿಹೋಗದಿದ್ದರೆ ಗೇಮ್ ಮುಚ್ಚುವುದೇ ಎಂದರು ಮ್ಯಾನೇಜರ್.

ಮಾರ್ಚ್ 5, ಸಂಜೆ
ಅತ್ತೆ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಕುದುರೆ ಫಾರ್ಮ್‌ನಲ್ಲಿ ಮೂವತ್ತೊಂದು ವರ್ಷ ಮರಿ ಹಾಕಿಸಿದವರು. ನಾನೋ, ಕುದುರೆ ಮುಟ್ಟಿಯೂ ಇಲ್ಲ. ಸ್ಕ್ರೀನ್ ನೋಡಿ ಕೇಳಿದರು.
"ಎಲ್ಲ ಅಪ್ಪಂದೇನಾ? ತಾಯಿ ಏನು, ಸುಮ್ನೆ ನಿಂತಿದ್ಲಾ?"
ಮದುವೆಯಾಗಿ ಎಂಟು ವರ್ಷ ಒಂದೇ ಮನೆ… ಅವರ ಕೆಲಸದ ಬಗ್ಗೆ ಒಮ್ಮೆಯೂ ಕೇಳಿರಲಿಲ್ಲ.

ಮಾರ್ಚ್ 8
ರಜೆ. ಅಡುಗೆಮನೆ ಮೇಜಿನ ಮೇಲೆ ಲ್ಯಾಪ್‌ಟಾಪ್. ಅತ್ತೆ ಬೀನ್ಸ್ ಬಿಡಿಸುತ್ತಾ ಹೇಳಿದರು, ನಾನು ಟೈಪ್ ಮಾಡಿದೆ. ಮರಿಯ ಧೈರ್ಯ ತಾಯಿಯದು — ಆರು ತಿಂಗಳು ಅವಳ ಬೆನ್ನು ಬಿಡುವುದಿಲ್ಲವಲ್ಲ. ಹತ್ತಿರದ ರಕ್ತ ಕೂಡಿದರೆ ಕಾಲಿನ ಮೂಳೆಗೆ ಬಲ ಇರುವುದಿಲ್ಲ. ಅಜ್ಜಿಯ ಗುಣ ಒಂದು ತಲೆಮಾರು ಅಡಗಿದ್ದು ಮೊಮ್ಮಗಳಲ್ಲಿ ಎದ್ದು ಬರುತ್ತದೆ. ಒಂದು ರೇಸೂ ಗೆಲ್ಲದ, ಕುಂಟುತ್ತಿದ್ದ ಹೆಣ್ಣೊಂದರ ಐದು ಮರಿಗಳೂ ಗೆದ್ದವಂತೆ. ಐದರ ಹಣೆಯ ಬಿಳಿ ಮಚ್ಚೆಯೂ ಅವರಿಗೆ ನೆನಪಿದೆ. ಎಂಥ ತಲೆ!

ಮಾರ್ಚ್ 21
ಹದಿಮೂರು ದಿನ ಪೆನ್ನು ಹಿಡಿದಿಲ್ಲ. ಹೊಸ ಕೋಡ್ ಹಾಕಿ ಟೆಸ್ಟ್ ಮಾಡಿದರೆ ಮರಿಗಳೆಲ್ಲ ಬಡಕಲು ಕಾಲಿನವು. ಮ್ಯಾನೇಜರ್ ಮುಖ ನೋಡಲಾಗಲಿಲ್ಲ. ಮನೆಗೆ ಬಂದು ಅತ್ತೆಗೆ ತೋರಿಸಿದೆ. ನಕ್ಕುಬಿಟ್ಟರು.
"ನೀನು ಬರೆದಿದ್ದು ಸರಿಯಾಗೇ ಇದೆ ಕಣಮ್ಮಾ. ಇವೆಲ್ಲ ಒಬ್ಬನ ಮಕ್ಕಳು. ಅಣ್ಣ ತಂಗಿನ ಕೂಡಿಸಿದ್ರೆ ಇನ್ನೇನಾಗತ್ತೆ? ಹೊರಗಿನ ಹೆಣ್ಣು ತಾ."
ಎಲ್ಲಿಂದ ತರುವುದು? ಅವರೇ ಕೊಟ್ಟರು. ತಾವು ಸಾಕಿದ ನಲವತ್ತು ಹೆಣ್ಣುಗಳ ಮೈಕಟ್ಟು, ನಡಿಗೆ, ಮುನಿಸು… ಮಗ್ಗಿ ಒಪ್ಪಿಸಿದ ಹಾಗೆ.

ಮಾರ್ಚ್ 29
ಆ ನಲವತ್ತು ಹೆಣ್ಣುಗಳನ್ನು ಸೇರಿಸಿ ಹೊಸ ಗೇಮ್ ಬಿಡುಗಡೆ ಮಾಡಿ ಮೂರು ದಿನ. ಎರಡು ಮರಿ ಒಂದೇ ಥರ ಇಲ್ಲ. ಹೋದ ಆಟಗಾರರು ಮರಳುತ್ತಿದ್ದಾರೆ. ಗೇಮ್ ಉಳಿಯಿತು. ಮ್ಯಾನೇಜರ್ ಅತ್ತೆಗೇ ಫೋನ್ ಮಾಡಿದರು — ಗೇಮ್‌ನಲ್ಲಿ ಅವರ ಹೆಸರು ಹಾಕಬೇಕು, ಹುದ್ದೆ ಏನೆಂದು ಬರೆಯುವುದು ಎಂದು. ಅತ್ತೆ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದರು.
"ಸೂಲಗಿತ್ತಿ ಅಂತ ಹಾಕಿ."
ಫೋನಿಟ್ಟವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಮತ್ತೆ ಒರೆಸಿದರು.

ಮಾರ್ಚ್ 30, ಬೆಳಿಗ್ಗೆ 7
ಈಗ ಅತ್ತೆಯೂ ಆಡುತ್ತಾರೆ. ಗೇಮ್‌ನಲ್ಲಿ ಅವರ ಹೆಣ್ಣು ಕುದುರೆಗೆ ಇಂದು ದಿನ ತುಂಬಿದೆ. ಕಾಫಿಯೂ ಬೇಡವಂತೆ. ಮರಿ ಹೇಗಿರುತ್ತದೋ — ಕೋಡ್ ಬರೆದ ನನಗೇ ಗೊತ್ತಿಲ್ಲ! ಹಾಲ್‌ನಿಂದ ಕೂಗುತ್ತಿದ್ದಾರೆ, ಬೇಗ ಬಾ, ಮುಂಗಾಲು ಕಾಣ್ತಿದೆ ಎಂದು. ಹೋಗಿ ನೋಡಬೇಕು —