ಬೆಳ್ಗಲ್ಲು ತಾನಾಗಿ ಸೇರಲಿಲ್ಲ

ಬೆಳ್ಗಲ್ಲು ದ್ವೀಪ
ಕಡಲೇರಿದ 214ನೇ ವರ್ಷ, ಹದಿಮೂರನೇ ತಿಂಗಳು, 4

ಇನ್ನೂ ಒಣನೆಲದ ಮೇಲಿರುವವರಿಗೆ,

ಈ ತಾರೀಖು ನಿಮಗೆ ತಪ್ಪು ಎನಿಸಬಹುದು. ನಾವು ಉಬ್ಬರ ಇಳಿತ ನೋಡಿ ತಿಂಗಳು ಎಣಿಸುವವರು. ವರ್ಷಕ್ಕೆ ಹದಿಮೂರು ಬರುತ್ತವೆ. ನನ್ನ ಕೆಲವು ಪದಗಳೂ ನಿಮಗೆ ಹೊಸವು. ಮನ್ನಿಸಿ, ಆದರೆ ಕೊನೆಯವರೆಗೆ ಓದಿ.

ನಿಮ್ಮ ಕಾಲದಲ್ಲಿ ಬೆಳ್ಗಲ್ಲು ದನ ಮೇಯಿಸುವ ಒಂದು ಗುಡ್ಡ. ಕಡಲು ಏರಿ ಕೆಳಗಿನ ಊರುಗಳು ಮುಳುಗಿದಾಗ ಓಡಿ ಬಂದು ಹತ್ತಿದವರು ಒಬ್ಬ ಹೆಂಗಸನ್ನು ರಾಣಿಯಾಗಿ ಆರಿಸಿಕೊಂಡರು. ರಾಜ್ಯ ಹುಟ್ಟಿದ್ದು ಹಾಗೆ. ನಾವು ಮಂಜುಬಲೆಯಿಂದ ನೀರು ಕುಡಿಯುತ್ತೇವೆ. ಅದು ಗುಡ್ಡದ ತಲೆಯ ಮೇಲೆ ಕಟ್ಟಿದ ಸಣ್ಣ ಕಣ್ಣಿನ ಬಲೆ, ಬೆಳಗಿನ ಮಂಜು ಅದರಲ್ಲಿ ಹನಿಗಟ್ಟಿ ಕೊಡಕ್ಕೆ ಇಳಿಯುತ್ತದೆ. ಮೀನು ಹಿಡಿಯುತ್ತೇವೆ. ಕೊಲ್ಲಿಯಲ್ಲಿ ಕಡಲಪಾಚಿ ಬೆಳೆದು ಎಣ್ಣೆ ತೆಗೆಯುತ್ತೇವೆ. ಈಗಿನ ಹಡಗುಗಳೆಲ್ಲ ಓಡುವುದು ಆ ಎಣ್ಣೆಯಿಂದಲೇ. ಕಂಪನಿ ಬಂದದ್ದೂ ಅದಕ್ಕೇ.

ಹೆಲ್ವಾರ್ ಕಂಪನಿ ಮೂರುಬಂದರು ಒಕ್ಕೂಟ ಎಂಬ ದೂರದ ದೇಶದ್ದು. ಮೊದಲು ನಮ್ಮ ಎಣ್ಣೆ ಕೊಂಡಿತು, ಆಮೇಲೆ ಕೊಲ್ಲಿಯ ಅರ್ಧವನ್ನು ಗುತ್ತಿಗೆಗೆ ಪಡೆಯಿತು. ಅಷ್ಟರಲ್ಲಿ ಒಕ್ಕೂಟವು ಹೊರದೇಶದ ಎಣ್ಣೆಗೆ ಭಾರಿ ಸುಂಕ ಹಾಕಿತು. ಬೆಳ್ಗಲ್ಲು ಹೊರದೇಶವಾಗಿ ಉಳಿಯದಿದ್ದರೆ ಸುಂಕವೂ ಇಲ್ಲ ಎಂಬುದು ಕಂಪನಿಗೆ ಹೊಳೆಯಿತು. ನಮ್ಮ ರಾಜ್ಯ ಹೋದದ್ದರ ಕಾರಣ ಇಷ್ಟೇ. ಉಳಿದದ್ದೆಲ್ಲ ಅಲಂಕಾರ.

ದಾರಿ ತೋರಿಸಿದ್ದು ನಮ್ಮದೇ ಪದ್ಧತಿ. ಹೊರಗಿನಿಂದ ಬಂದವರು ಇಲ್ಲಿ ತೆಂಗಿನ ಗಿಡ ನೆಟ್ಟು, ಅದರ ಮೊದಲ ಕಾಯಿಯನ್ನು, ರಾಣಿಯನ್ನು ಆರಿಸುವ ನಮ್ಮ ಸಭೆಯ ಅಂಗಳದಲ್ಲಿ ಒಡೆದರೆ ಸಭೆಯಲ್ಲಿ ಅವರಿಗೂ ಒಂದು ಮತ. ಇದಕ್ಕೆ ಫಲದ ಹಕ್ಕು ಎನ್ನುತ್ತೇವೆ. ನಮ್ಮ ತೆಂಗು ಫಲ ಕೊಡಲು ಎಂಟು ಮಳೆಗಾಲ ಬೇಕು. ಅಷ್ಟು ಕಾಲ ಇದ್ದವರು ನಮ್ಮವರೇ ಎಂದು ಹಿರಿಯರು ನಂಬಿದ್ದರು. ಕಂಪನಿ ಮೂರೇ ವರ್ಷಕ್ಕೆ ಕಾಯಿ ಬಿಡುವ ಗಿಡ್ಡ ತಳಿಯನ್ನು ಹಡಗಿನಲ್ಲಿ ತಂದು, ತನ್ನ ನೌಕರರಿಗೆ ತಲೆಗೊಂದರಂತೆ ನೆಡಿಸಿತು. ಅವರು ಕಾಯಿ ಹಿಡಿದು ಸಾಲಾಗಿ ಬಂದ ದಿನ ಸಭೆಯಲ್ಲಿ ಜಗಳವಾಯಿತು.

"ಮರ ಅಂದ್ರೆ ಮರವೇ ಅಲ್ವಾ ರಾಣೆಮ್ಮ? ಕಾಯಿ ಬಿಟ್ಟದೆ, ಒಡೆದಿದ್ದಾರೆ. ಈಗ ಇಲ್ಲ ಅನ್ನೂಕೆ ಬಾಯಿ ಬರ್ತದಾ?" ಎಂದರು ದೋಣಿಕಾರರ ಹಿರಿಯ ಬೊಮ್ಮಯ್ಯ ಹರಿಕಂತ್ರ.

"ಕೂತಲ್ಲೇ ಕೊಯ್ಯೂ ಮರ ಅದು, ಬೊಮ್ಮಣ್ಣ," ಎಂದರು ನಮ್ಮ ಈಗಿನ ರಾಣಿ ಮಾದೇವಿ. "ನೆಟ್ಟವ್ರಿಗೆ ಹತ್ತೂ ಕಷ್ಟವೂ ಬೇಡ, ಕಾಯೂ ಕಷ್ಟವೂ ಬೇಡ. ಇಲ್ಲೇ ಬಾಳೂಕೆ ಬಂದವ್ರ ಕೆಲಸ ಹಿಂಗಿರ್ತದಾ?"

ಎಲ್ಲರೂ ನಕ್ಕರು. ಆದರೂ ಕೊಟ್ಟ ಮಾತು ಮುರಿಯಲು ಸಭೆ ಒಪ್ಪಲಿಲ್ಲ. ಮರುವರ್ಷ ಆ ಹೊಸ ಮತಗಳೇ ಹೆಚ್ಚಾದವು. ಕೊಲ್ಲಿಯ ಉಳಿದರ್ಧವನ್ನು ಕೊಡಲು ರಾಣಿ ಒಪ್ಪದಿದ್ದಾಗ, ಅದೇ ಸಭೆ ಅವರನ್ನು ಇಳಿಸಿ, ಬೆಳ್ಗಲ್ಲನ್ನು ಸೇರಿಸಿಕೊಳ್ಳಿ ಎಂದು ಒಕ್ಕೂಟಕ್ಕೆ ಆಹ್ವಾನ ಕಳಿಸಿತು. ಒಕ್ಕೂಟದ ಯುದ್ಧನೌಕೆ ಮೊದಲೇ ಬಂದು ಲಂಗರು ಹಾಕಿತ್ತು. ಕಂಪನಿಯ ಆಸ್ತಿ ಕಾಯಲು ಎಂದು ಹೇಳಿದರು.

ಈಗ ಬೇರೆ ದೇಶಗಳು ಕೇಳುತ್ತಿವೆ: ಮೂಲದ ಜನ ಒಪ್ಪಿದ್ದಾರೆಯೇ? ಅದಕ್ಕೆ ಒಕ್ಕೂಟದವರು ನಾಳೆ ನಮ್ಮನ್ನು ಮಾತ್ರ ಸಭೆಯ ಅಂಗಳಕ್ಕೆ ಕರೆದಿದ್ದಾರೆ. ಇಷ್ಟಪಟ್ಟೇ ಸೇರಿದೆವು ಎಂದು ಕೈ ಎತ್ತಬೇಕು. ಎತ್ತದ ಮನೆಯ ದೋಣಿ ಕಡಲಿಗೆ ಇಳಿಯುವಂತಿಲ್ಲ.

ನಿನ್ನೆ ಕಂಪನಿಯ ಕೆಸ್ಟರ್ ಸಾಹೇಬರು, ಕಾವಲಿನಲ್ಲಿರುವ ರಾಣಿಯ ಮನೆಗೆ ಹೋಗಿದ್ದರು. ರಾಣಿ ಮನೆಯಂಗಳದಲ್ಲಿ ಮೀನು ಒಣಗಿಸುತ್ತಿದ್ದರು. ನಮ್ಮ ಭಾಷೆ ಕಲಿತಿರುವ ಸಾಹೇಬರು, "ನೀವು ಕೈ ಎತ್ತಿದರೆ ಎಲ್ಲರೂ ಎತ್ತುತ್ತಾರೆ, ಅಮ್ಮಾ," ಎಂದರು.

"ಹೌದಾ? ಹಂಗಾರೆ ನಾ ಎತ್ತದೇ ಹೋದ್ರೂ ಅವ್ರಿಗೆ ಕಾಣ್ತದೆ ಬಿಡಿ. ಸ್ವಲ್ಪ ಆಚೆ ನಿಲ್ಲಿ ಸಾಹೇಬ್ರೆ, ಮೀನಿಗೆ ಬಿಸಿಲು ತಾಗೂದಿಲ್ಲ."

ಅಂದು ಕಂಪನಿಯ ಪರವಾಗಿ ವಾದಿಸಿದ ಬೊಮ್ಮಯ್ಯನವರಿಗೆ ದ್ವೀಪದಲ್ಲೇ ದೊಡ್ಡ ದೋಣಿಯಿದೆ. ಅದು ಹೋದರೆ ಗತಿಯೇನು ಎಂದು ಸಂಜೆ ನಾನು ಕೇಳಿದೆ. "ಈಜಿ ಮೀನು ಹಿಡೀತೆ. ಕಡಲಿಗೂ ಬೀಗ ಹಾಕ್ತಾರಾ, ನೋಡ್ವ," ಎಂದರು.

ನಾನು ಕೆಲಸ ಮಾಡುತ್ತಿದ್ದ ದಿನಪತ್ರಿಕೆಯ ಅಚ್ಚುಮನೆಗೆ ಬೀಗ ಬಿದ್ದಿದೆ. ಹೊರದೇಶಕ್ಕೆ ಹೋಗುವ ಪತ್ರಗಳನ್ನು ಒಡೆದು ನೋಡುತ್ತಾರೆ. ಮುಂದಿನವರಿಗಾಗಿ ಬರೆದಿಟ್ಟದ್ದನ್ನು ಸುಡುತ್ತಾರೆ. ಹಿಂದಿನ ಕಾಲಕ್ಕೆ ಹೋಗುವ ದಾರಿಗೂ ಕಾವಲು ಬೇಕೆಂದು ಯಾರಿಗೂ ಹೊಳೆದಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಮಗಾಗಿ ಮರುಗಬೇಡಿ. ಇದನ್ನು ನಿಮ್ಮ ಮಕ್ಕಳಿಗೆ ಹೇಳಿ, ಅವರು ತಮ್ಮ ಮಕ್ಕಳಿಗೆ ಹೇಳಲಿ. ಒಕ್ಕೂಟದವರು ನಾಳೆ ಏನೇ ಬರೆದುಕೊಂಡರೂ ಅದಕ್ಕಿಂತ ಇನ್ನೂರು ವರ್ಷ ಹಳೆಯ ಸಾಕ್ಷಿ ಇರಲಿ: ಬೆಳ್ಗಲ್ಲು ಒಪ್ಪಲಿಲ್ಲ.

ಬೆಳಗಾಗುತ್ತಲೇ ನಾವೆಲ್ಲ ಅಂಗಳಕ್ಕೆ ಹೋಗುತ್ತೇವೆ. ಕೈ ಕೆಳಗಿಟ್ಟುಕೊಂಡು ನಿಲ್ಲುತ್ತೇವೆ. ಎಣಿಸಿಕೊಳ್ಳಲಿ.

ಲಕುಮಿ ಮೊಗೇರ